ಸಿಕ್ಕಿಬಿದ್ರೆ ಏನಾಗುತ್ತೆ, ಮೇಡಂ?

ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಮೊದಲನೇ ವಾರದಲ್ಲೇ ಕೋರ್ಸಿನ ರೂಲ್ಸ್ ಹೇಳ್ಬೇಕಾಗುತ್ತೆ, ಅಟೆಂಡೆನ್ಸ್ ಎಷ್ಟು ಬೇಕು, ಇಂಟರ್ನಲ್ಸ್ ಯಾವಾಗ, ಅಸೈನ್‌ಮೆಂಟ್ ಕಾಪಿ ಹೊಡೆದ್ರೆ ಏನು ಗತಿ ಅಂತೆಲ್ಲ. ಆ ಕೊನೇ ವಿಷಯಕ್ಕೆ ಬಂದಾಗ ಹಿಂದಿನ ಬೆಂಚಿಂದ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಸಿಕ್ಕಿಬಿದ್ರೆ ಏನಾಗುತ್ತೆ ಮೇಡಂ?" ಕ್ಲಾಸೆಲ್ಲ ಗೊಳ್ ಅಂತ ನಗುತ್ತೆ. ನಾನೂ ನಗ್ತೀನಿ. ಕೆಟ್ಟ ಪ್ರಶ್ನೆ ಏನಲ್ಲ ಅದು, ಎಲ್ಲರ ಮನಸ್ಸಲ್ಲೂ ಇರೋದನ್ನ ಒಬ್ರು ಬಾಯಿಬಿಟ್ಟು ಕೇಳ್ತಾರೆ ಅಷ್ಟೆ.

ರೂಲ್ ಬುಕ್ಕಿನ ಉತ್ತರ ಸುಲಭ. ಆ ಅಸೈನ್‌ಮೆಂಟಿಗೆ ಸೊನ್ನೆ, ಸ್ವಲ್ಪ ದೊಡ್ಡದಾದ್ರೆ ಇಡೀ ಸಬ್ಜೆಕ್ಟೇ ಫೇಲ್, ಇನ್ನೂ ಮೇಲೆ ಹೋದ್ರೆ ಒಂದು ಸೆಮಿಸ್ಟರೋ ಒಂದು ವರ್ಷವೋ ಡಿಬಾರ್, ತೀರಾ ಹದ್ದು ಮೀರಿದ್ರೆ ಕಾಲೇಜಿಂದಲೇ ಹೊರಗೆ. ಹೆಚ್ಚುಕಮ್ಮಿ ಎಲ್ಲಾ ದೇಶದ ಯೂನಿವರ್ಸಿಟಿಗಳಲ್ಲೂ ಇದೇ ಮೆಟ್ಟಿಲು, ಹೆಸರು ಬೇರೆ ಬೇರೆ. ಆದ್ರೆ ಮಾಲ್‌ಪ್ರಾಕ್ಟೀಸ್ ಕೇಸ್ ಕೇಳೋ ಕಮಿಟಿಯಲ್ಲಿ ಕೆಲವು ವರ್ಷ ಕೂತಮೇಲೆ ನನಗೆ ಈ ಉತ್ತರ ಹೇಳೋಕೆ ಒಂಥರಾ ಮುಜುಗರ ಆಗುತ್ತೆ, ಯಾಕಂದ್ರೆ ಶಿಕ್ಷೆಗೆ ಒಂದು ತಾರೀಖು ಇರುತ್ತೆ, ಶುರುವಾದ ದಿನ ಇದ್ದಹಾಗೆ ಮುಗಿಯೋ ದಿನವೂ ಇರುತ್ತೆ. ಫೇಲ್ ಆದೋರು ಮತ್ತೆ ಬರೆದು ಪಾಸಾದ ದಿನ ಆ ಕತೆ ಮುಗೀತು, ಐದು ವರ್ಷ ಆದ್ಮೇಲೆ ಅವರಿಗೇ ನೆನಪಿರಲ್ಲ. ಕಾಪಿ ಹೊಡೆದು ಪಾಸಾದವರ ಕತೆ ಯಾವತ್ತು ಮುಗಿಯುತ್ತೆ ಅಂತ ಮಾತ್ರ ಯಾರಿಗೂ ಹೇಳೋಕಾಗಲ್ಲ.

ಜರ್ಮನಿಯ ಆನೆಟ್ ಶಾವಾನ್ ಕೇಸು ನೋಡಿ. ಪಿಎಚ್‌ಡಿ ಥೀಸಿಸ್ ಕೊಟ್ಟಿದ್ದು 1980ರಲ್ಲಿ, ಟೈಪ್‌ರೈಟರ್ ಕಾಲ. ಆಮೇಲೆ ರಾಜಕೀಯಕ್ಕೆ ಬಂದು, ಬೆಳೆದು, ದೇಶದ ಶಿಕ್ಷಣ ಮತ್ತು ಸಂಶೋಧನೆ ಮಂತ್ರಿಯೇ ಆದ್ರು. 2011ರಲ್ಲಿ ಅವರ ಸಹೋದ್ಯೋಗಿ, ರಕ್ಷಣಾ ಮಂತ್ರಿ ಗುಟೆನ್‌ಬರ್ಗ್ ಅವರ ಥೀಸಿಸ್ಸಲ್ಲಿ ಕದ್ದ ಪ್ಯಾರಾಗಳು ಸಿಕ್ಕವು. ಅವರು ಮೊದಲು ಆರೋಪವೇ ಅಸಂಬದ್ಧ ಅಂದ್ರು, ಅಷ್ಟರಲ್ಲಿ ಇಂಟರ್ನೆಟ್ಟಲ್ಲಿ ಹೆಸರು ಊರು ಗೊತ್ತಿಲ್ಲದ ಜನ ಸೇರ್ಕೊಂಡು ಒಂದು ವಿಕಿ, ಅಂದ್ರೆ ಯಾರು ಬೇಕಾದ್ರೂ ಬರೆದು ತಿದ್ದಬಹುದಾದ ವೆಬ್‌ಸೈಟ್ ಮಾಡಿ, ಪುಟ ಪುಟ ಹಂಚ್ಕೊಂಡು, ಯಾವ ಸಾಲು ಎಲ್ಲಿಂದ ಬಂತು ಅಂತ ಪಟ್ಟಿ ಹಾಕಿಬಿಟ್ರು, ಎರಡು ವಾರ ತುಂಬೋದ್ರೊಳಗೆ ಡಾಕ್ಟರೇಟೂ ಹೋಯ್ತು ಮಂತ್ರಿಗಿರಿಯೂ ಹೋಯ್ತು. ಆಗ ಶಾವಾನ್ ಪತ್ರಿಕೆಯೊಂದರ ಜೊತೆ ಮಾತಾಡ್ತಾ ತನಗೆ ನಾಚಿಕೆ ಆಗ್ತಿದೆ, ಅದೂ ಬರೀ ಮನಸ್ಸೊಳಗೆ ಅಲ್ಲ ಅಂತ ಹೇಳಿದ್ರು. 2013ರ ಫೆಬ್ರವರಿಯಲ್ಲಿ ಡ್ಯೂಸೆಲ್‌ಡಾರ್ಫ್ ಯೂನಿವರ್ಸಿಟಿ ಅವರದ್ದೇ ಡಾಕ್ಟರೇಟ್ ವಾಪಸ್ ತಗೊಂತು. ಮೂವತ್ತಮೂರು ವರ್ಷ ಆದ್ಮೇಲೆ! ಬೇಕಂತ ಮಾಡಿದ್ದಲ್ಲ ಅನ್ನೋದು ಅವರ ವಾದ, ಅದನ್ನೂ ಹೇಳ್ಬೇಕು. ಕೋರ್ಟಿಗೂ ಹೋದ್ರು, 2014ರಲ್ಲಿ ಕೋರ್ಟು ಯೂನಿವರ್ಸಿಟಿಯ ನಿರ್ಧಾರವನ್ನೇ ಎತ್ತಿಹಿಡೀತು. ಹಂಗೇರಿಯ ಅಧ್ಯಕ್ಷ ಪಾಲ್ ಶ್ಮಿತ್ ಕತೆಯೂ ಇದೇ ಜಾತಿಯದ್ದು, 1992ರ ಡಾಕ್ಟರೇಟ್ 2012ರಲ್ಲಿ ಹೋಯ್ತು, ಅದರ ಹಿಂದೆಯೇ ರಾಷ್ಟ್ರಾಧ್ಯಕ್ಷರ ಕುರ್ಚಿಯೂ ಹೋಯ್ತು.

ಇದನ್ನ ಹೇಳಿದ್ರೆ ಸ್ಟೂಡೆಂಟ್ಸ್ ಹೇಳೋದು ಒಂದೇ ಮಾತು, ಅವರೆಲ್ಲ ಮಂತ್ರಿಗಳು ಮೇಡಂ, ನಮ್ಮ ಪ್ರಾಜೆಕ್ಟ್ ರಿಪೋರ್ಟ್ ಯಾರು ತೆಗೆದು ನೋಡ್ತಾರೆ ಅಂತ. ಯಾರೂ ತೆಗೆದು ನೋಡ್ಬೇಕಾಗಿಲ್ಲ, ಅದೇ ತಮಾಷೆ. ಈಗ ಸಬ್‌ಮಿಟ್ ಆಗೋ ರಿಪೋರ್ಟ್‌ಗಳಲ್ಲಿ ಬಹಳಷ್ಟು ಟರ್ನಿಟಿನ್‌ನಂಥ ಕಾಪಿ ಹಿಡಿಯೋ ಸಾಫ್ಟ್‌ವೇರಿನ ಗೋಡೌನಿಗೆ ಹೋಗಿ ಕೂರುತ್ತೆ, ಮುಂದೆ ಬರೋ ರಿಪೋರ್ಟ್‌ಗಳನ್ನ ಅದರ ಜೊತೆ ಹೋಲಿಸಿ ನೋಡ್ತಾ ಇರುತ್ತೆ. ನೀವು ಎಲ್ಲಿಂದಲೋ ಎತ್ತಿದ್ದು ಇವತ್ತು ಡೇಟಾಬೇಸಲ್ಲಿ ಇಲ್ದೆ ಇರಬಹುದು, ನಾಳೆ ಬರಬಹುದು. ನಿಮ್ಮದನ್ನ ಹತ್ತು ವರ್ಷ ಆದ್ಮೇಲೆ ಇನ್ಯಾರೋ ಕದ್ದು ಸಿಕ್ಕಿಬಿದ್ದಾಗ, ಅವನ ಕೇಸ್ ನೋಡೋಕೆ ಕೂತ ಕಮಿಟಿಯವರಿಗೆ ನಿಮ್ಮ ಕಳ್ಳತನವೂ ಕಾಣಬಹುದು. ಡಿಗ್ರಿ ಕೊಟ್ಟಮೇಲೂ ವಾಪಸ್ ಪಡೆಯೋ ಅಧಿಕಾರವನ್ನ ತುಂಬಾ ಯೂನಿವರ್ಸಿಟಿಗಳು ಇಟ್ಕೊಂಡಿರ್ತವೆ, ಅದಕ್ಕೆ ಇಷ್ಟು ವರ್ಷದೊಳಗೆ ಅನ್ನೋ ಗಡುವು ಸಾಮಾನ್ಯವಾಗಿ ಇರಲ್ಲ.

ಹಾಗಂತ ಕಮಿಟಿ ಮುಂದೆ ಬರೋರೆಲ್ಲ ಖದೀಮರು ಅಂದ್ಕೋಬೇಡಿ. ಪಕ್ಕಾ ಪ್ಲಾನ್ ಮಾಡಿ ಮೋಸ ಮಾಡೋರು ನಮ್ಮ ಮುಂದೆ ಬರೋದೇ ಅಪರೂಪ, ಇದು ಕಹಿ ಸತ್ಯ. ಬರೋರು ಬಹುಪಾಲು ರಾತ್ರಿ ಎರಡು ಗಂಟೆಗೆ ಗಾಬರಿ ಬಿದ್ದೋರು. ನಾಲ್ಕು ಡೆಡ್‌ಲೈನ್ ಒಂದೇ ವಾರಕ್ಕೆ ಬಂದಿರುತ್ತೆ, ಮೂರು ಮುಗಿಸಿರ್ತಾರೆ, ನಾಲ್ಕನೇದಕ್ಕೆ ಕೈ ಸೋತಿರುತ್ತೆ, ಗೆಳೆಯನಿಗೆ ಒಂದು ಮೆಸೇಜ್ ಹೋಗುತ್ತೆ, "ಮಗಾ ಫೈಲ್ ಕಳ್ಸು, ಬರೀ ನೋಡ್ಕೊಂಡು ಮಾಡ್ತೀನಿ". ಅವನು ಕಳಿಸ್ತಾನೆ. ಕಳಿಸದೆ ಇದ್ರೆ ಅವನೆಂಥ ಗೆಳೆಯ.

ಅಂಥದ್ದೇ ಒಂದು ಕೇಸ್ ನನಗೆ ಈಗಲೂ ಕಣ್ಣಮುಂದೆ ಇದೆ. ಪ್ರೋಗ್ರಾಮಿಂಗ್ ಅಸೈನ್‌ಮೆಂಟ್. ಇಬ್ಬರ ಪ್ರಿಂಟೌಟೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟಿದ್ವಿ. ವೇರಿಯೇಬಲ್ ಹೆಸರುಗಳನ್ನ ಒಬ್ಬ ಪೂರ್ತಿ ಬದಲಾಯಿಸಿದ್ದ, ಕಾಮೆಂಟ್‌ಗಳನ್ನ ತನ್ನದೇ ಮಾತಲ್ಲಿ ಬರ್ದಿದ್ದ, ಫಂಕ್ಷನ್‌ಗಳ ಜಾಗವನ್ನೂ ಮೇಲೆ ಕೆಳಗೆ ಮಾಡಿದ್ದ, ಇಷ್ಟೆಲ್ಲ ಕಷ್ಟಪಡೋ ಬದಲು ಬರೆದೇ ಬಿಡಬಹುದಿತ್ತಲ್ಲ ಅನ್ಸೋಷ್ಟು. ಆದ್ರೆ ಕೊನೇಲಿ ಸ್ಕ್ರೀನ್ ಮೇಲೆ ಪ್ರಿಂಟ್ ಆಗೋ ಸಾಲಲ್ಲಿ 'ಟೋಟಲ್' ಅನ್ನೋ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಇಬ್ಬರದ್ದರಲ್ಲೂ. ಮತ್ತೆ ಮಧ್ಯದಲ್ಲಿ ಒಂದು ಲೂಪ್, ಏನೂ ಕೆಲಸ ಮಾಡಲ್ಲ ಅದು, ಸುಮ್ನೆ ತಿರುಗಿ ಬರುತ್ತೆ, ಬರೆದವನು ಏನೋ ಟ್ರೈ ಮಾಡಿ ಅಳಿಸೋಕೆ ಮರೆತಿದ್ದ. ಅದೂ ಇಬ್ಬರದ್ದರಲ್ಲೂ. "ಈ ಲೂಪ್ ಯಾಕಪ್ಪ ಇದೆ ಇಲ್ಲಿ?" ಅಂತ ಕಮಿಟಿಲಿದ್ದ ಹಿರಿಯರು ಕೇಳಿದ್ರು. ತಗೊಂಡವನು ತಲೆ ತಗ್ಗಿಸಿದ. ಕೊಟ್ಟವನು "ಸರ್ ಅದು ನಾನು ಮೊದಲು ಬೇರೆ ಥರ ಮಾಡೋಣ ಅಂತಿದ್ದೆ" ಅಂತ ವಿವರಿಸೋಕೆ ಶುರುಮಾಡಿದ, ವಿವರಿಸ್ತಾ ವಿವರಿಸ್ತಾ ತಾನೇ ಬರೆದಿದ್ದು ಅಂತ ಸಾಬೀತು ಮಾಡಿದ, ಜೊತೆಗೆ ಗೆಳೆಯ ಬರೆದಿಲ್ಲ ಅಂತಲೂ ಸಾಬೀತು ಮಾಡಿಬಿಟ್ಟ.

ರೂಲ್ಸ್ ಪ್ರಕಾರ ಕೊಟ್ಟವನೂ ತಪ್ಪಿತಸ್ಥನೇ. ಇಬ್ಬರಿಗೂ ಸೊನ್ನೆ, ಇಬ್ಬರ ಫೈಲಲ್ಲೂ ಒಂದೊಂದು ಹಾಳೆ. ತಗೊಂಡವನು ಆಮೇಲೆ ಹೆಂಗೋ ದಾಟ್ಕೊಂಡು ಹೋದ. ಕೊಟ್ಟವನು ಹುಷಾರಿನ ಹುಡುಗ, ಮುಂದೆ ಓದೋಕೆ ಅಪ್ಲಿಕೇಶನ್ ಹಾಕುವಾಗ ಒಂದು ಫಾರಂ ಹಿಡ್ಕೊಂಡು ನನ್ನ ಹತ್ರ ಬಂದ. ಅದರಲ್ಲಿ ಒಂದು ಪ್ರಶ್ನೆ, ನಿಮ್ಮ ಮೇಲೆ ಹಿಂದೆ ಯಾವುದಾದ್ರೂ ಶಿಸ್ತುಕ್ರಮ ಆಗಿದೆಯಾ, ಹೌದು ಅಥವಾ ಇಲ್ಲ. ಹೌದು ಅಂತ ಟಿಕ್ ಹಾಕಿದ್ರೆ ಕೆಳಗೆ ವಿವರ ಬರೀಬೇಕು. "ಇಲ್ಲ ಅಂತ ಹಾಕಿದ್ರೆ ಗೊತ್ತಾಗುತ್ತಾ ಮೇಡಂ?" ಅಂದ. ಗೊತ್ತಾಗದೇನೂ ಇರಬಹುದು ಕಣಪ್ಪ, ಆದ್ರೆ ಅಲ್ಲಿಗೆ ಹೋಗಿ ಎರಡು ವರ್ಷ ಓದಿದ ಮೇಲೆ ಗೊತ್ತಾದ್ರೆ ಫಾರಂ ಮೇಲೆ ಸುಳ್ಳು ಬರೆದಿದ್ದಕ್ಕೇ ಸೀಟು ಹೋಗುತ್ತೆ ಅಂದೆ. ಹೌದು ಅಂತ ಹಾಕು, ಏನಾಯ್ತು ಅಂತ ಐದು ಸಾಲಲ್ಲಿ ನೆಟ್ಟಗೆ ಬರಿ, ಗೆಳೆಯನ ಮೇಲೆ ಹೊರಿಸಬೇಡ ಅಂದೆ. ಅವನು ಬರ್ದ. ಒಂದು ಕಡೆ ಸೀಟು ಸಿಕ್ತು, ಅವನಿಗೆ ಇಷ್ಟವಿದ್ದ ಕಡೆ ಸಿಗಲಿಲ್ಲ. ಅದಕ್ಕೆ ಆ ಹಾಳೆಯೇ ಕಾರಣನಾ ಅನ್ನೋದು ಅವನಿಗೆ ಯಾವತ್ತೂ ಗೊತ್ತಾಗಲ್ಲ, ಆ ಅನುಮಾನ ಮಾತ್ರ ಅವನ ಜೊತೇನೇ ಇರುತ್ತೆ.

ಆ ಸ್ಪೆಲಿಂಗ್ ತಪ್ಪಿನ ವಿಷಯಕ್ಕೇ ಬರ್ತೀನಿ. 2012ರಲ್ಲಿ ಹಾರ್ವರ್ಡಲ್ಲಿ ಅಮೆರಿಕದ ಸಂಸತ್ತಿನ ಬಗ್ಗೆ ಇದ್ದ ಒಂದು ಕೋರ್ಸಲ್ಲಿ ಮನೇಲಿ ಕೂತು ಬರೆಯೋ ಫೈನಲ್ ಎಕ್ಸಾಮ್ ಕೊಟ್ಟಿದ್ರು. ಪುಸ್ತಕ ನೋಡಬಹುದು, ನೋಟ್ಸ್ ನೋಡಬಹುದು, ಇಂಟರ್ನೆಟ್ಟೂ ನೋಡಬಹುದು, ಇನ್ನೊಬ್ಬರ ಜೊತೆ ಮಾತ್ರ ಚರ್ಚೆ ಮಾಡಂಗಿಲ್ಲ. ಉತ್ತರಪತ್ರಿಕೆ ನೋಡ್ತಿದ್ದಾಗ ಕಣ್ಣಿಗೆ ಬಿದ್ದ ಸುಳಿವುಗಳಲ್ಲಿ ಒಂದು, 22,500 ಅನ್ನೋ ಸಂಖ್ಯೆಯಲ್ಲಿ ಕಾಮಾ ಆದ್ಮೇಲೆ ಬೇಡದ ಒಂದು ಖಾಲಿ ಜಾಗ, ಅದೇ ತಪ್ಪು ಬೇರೆ ಪೇಪರಲ್ಲೂ. ಅಲ್ಲಿಂದ ಎಳೆ ಹಿಡಿದು ಹೋದ್ರೆ ಸುಮಾರು 125 ವಿದ್ಯಾರ್ಥಿಗಳ ಮೇಲೆ ವಿಚಾರಣೆ, ಸುಮಾರು 70 ಜನ ಒಂದಷ್ಟು ಕಾಲ ಕಾಲೇಜು ಬಿಟ್ಟು ಹೋಗ್ಬೇಕಾಯ್ತು. ಇಂಟರ್ನೆಟ್ ಪೂರ್ತಿ ತೆರೆದಿಟ್ಟು ಪಕ್ಕದ ರೂಮಿನ ಗೆಳೆಯನ ಹತ್ರ ಮಾತ್ರ ಮಾತಾಡಬೇಡ ಅಂದ್ರೆ ಅದೆಂಥ ರೂಲು ಅಂತ ಆ ಹುಡುಗರು ವಾದ ಮಾಡಿದ್ರು. ನನಗೂ ಆ ವಾದದಲ್ಲಿ ಸ್ವಲ್ಪ ಹುರುಳಿದೆ ಅನ್ಸುತ್ತೆ. ಆದ್ರೆ ರೂಲು ಪೇಪರಿನ ಮೇಲೆ ಬರೆದಿತ್ತು. ರೂಲು ಪೆದ್ದಾಗಿದ್ರೆ ಪರೀಕ್ಷೆಗೆ ಮುಂಚೆ ಜಗಳ ಆಡಬೇಕು, ಸಿಕ್ಕಿಬಿದ್ದಮೇಲೆ ಆಡೋ ಜಗಳಕ್ಕೆ ಬೆಲೆ ಇರಲ್ಲ.

ವರ್ಜೀನಿಯಾ ಯೂನಿವರ್ಸಿಟಿಯದ್ದು ಇನ್ನೊಂದು. 2001ರಲ್ಲಿ ಅಲ್ಲಿನ ಫಿಸಿಕ್ಸ್ ಪ್ರೊಫೆಸರ್ ಲೂಯಿಸ್ ಬ್ಲೂಮ್‌ಫೀಲ್ಡ್ ಹತ್ರ ವಿದ್ಯಾರ್ಥಿಯೊಬ್ಬರು ದೂರು ಹೇಳಿದ್ರು, ಹಳೇ ಪೇಪರ್‌ಗಳು ಕೈಯಿಂದ ಕೈಗೆ ಓಡಾಡ್ತಿವೆ ಅಂತ. ಅವರೇ ಕೂತು ಒಂದು ಪ್ರೋಗ್ರಾಮ್ ಬರೆದ್ರು, ಸತತ ಆರು ಪದ ಎರಡು ಪೇಪರಲ್ಲಿ ಒಂದೇ ಥರ ಇದ್ರೆ ಎತ್ತಿ ತೋರಿಸೋ ಥರ, ಹಿಂದಿನ ಹಲವು ಸೆಮಿಸ್ಟರ್‌ಗಳ ಪೇಪರನ್ನೆಲ್ಲ ಅದಕ್ಕೆ ಹಾಕಿದ್ರು. ನೂರಕ್ಕೂ ಹೆಚ್ಚು ಹೆಸರು ಬಂತು. ಕೊನೆಗೆ ನಲವತ್ತಕ್ಕೂ ಹೆಚ್ಚು ಜನ ಯೂನಿವರ್ಸಿಟಿ ಬಿಟ್ಟರು ಇಲ್ಲಾ ಹೊರಗೆ ಹಾಕಿಸ್ಕೊಂಡ್ರು, ಅದರಲ್ಲಿ ಆಗಲೇ ಡಿಗ್ರಿ ತಗೊಂಡು ಹೋಗಿದ್ದವರೂ ಇದ್ರು, ಅವರ ಡಿಗ್ರಿ ವಾಪಸ್. ಆಗ ಅಲ್ಲಿ ತಪ್ಪು ಸಾಬೀತಾದ್ರೆ ಒಂದೇ ಶಿಕ್ಷೆ, ಶಾಶ್ವತವಾಗಿ ಹೊರಗೆ, ಮಧ್ಯದ ದಾರಿಯೇ ಇರಲಿಲ್ಲ. 2022ರಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ ಅದನ್ನ ಎರಡು ಸೆಮಿಸ್ಟರಿನ ರಜೆಗೆ ಇಳಿಸಿದ್ರು. ಒಳ್ಳೇದು ಮಾಡಿದ್ರು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಶಿಕ್ಷೆ ಅಷ್ಟು ದೊಡ್ಡದಿದ್ರೆ ಕಣ್ಣಾರೆ ನೋಡಿದೋರೂ ದೂರು ಕೊಡೋಕೆ ಹಿಂದೆಮುಂದೆ ನೋಡ್ತಾರೆ, ಕಮಿಟಿಯವರಿಗೂ ಕೈ ನಡುಗುತ್ತೆ.

ಮತ್ತೆ ಶಿಕ್ಷೆ ದೊಡ್ಡದು ಮಾಡಿದ್ರೆ ಕಾಪಿ ನಿಲ್ಲುತ್ತೆ ಅನ್ನೋರಿಗೆ ನಾನು ಚೀನಾದ ಕತೆ ಹೇಳ್ತೀನಿ. ಚಕ್ರವರ್ತಿಗಳ ಕಾಲದ ಸರ್ಕಾರಿ ಪರೀಕ್ಷೆ ಅದು, ಒಬ್ಬೊಬ್ಬರನ್ನೂ ಸಣ್ಣ ಗೂಡಲ್ಲಿ ಕೂರಿಸಿ ದಿನಗಟ್ಟಲೆ ಬರೆಸ್ತಿದ್ರು, ಒಳಗೆ ಬಿಡೋ ಮುಂಚೆ ಮೈಯೆಲ್ಲ ತಡಕಾಡ್ತಿದ್ರು. ಆದ್ರೂ ಬಟ್ಟೆ ತುಂಬ ಇರುವೆ ಗಾತ್ರದ ಅಕ್ಷರದಲ್ಲಿ ಗ್ರಂಥಗಳನ್ನ ಬರ್ಕೊಂಡು ಹೋಗ್ತಿದ್ರು, ಆ ಬಟ್ಟೆಗಳು ಈಗಲೂ ಮ್ಯೂಸಿಯಮ್‌ಗಳಲ್ಲಿವೆ. 1858ರ ಬೀಜಿಂಗ್ ಪರೀಕ್ಷೆಯಲ್ಲಿ ಗೋಲ್‌ಮಾಲ್ ಆಗಿದ್ದು ಗೊತ್ತಾಗಿ ಮುಖ್ಯ ಪರೀಕ್ಷಕನಾಗಿದ್ದ ಬೋಜುನ್ ಅನ್ನೋ ದೊಡ್ಡ ಅಧಿಕಾರಿಯ ತಲೆಯನ್ನೇ ಮುಂದಿನ ವರ್ಷ ತೆಗೆದ್ರು. ತಲೆ ಹೋಗೋ ಕಾಲದಲ್ಲೂ ನಿಲ್ಲದೆ ಇದ್ದದ್ದು ಒಂದು ಸೆಮಿಸ್ಟರ್ ಡಿಬಾರಿಗೆ ನಿಲ್ಲುತ್ತಾ?

ಈಗಿನ ಹುಡುಗರು ಕೆಟ್ಟುಹೋದ್ರು ಅನ್ನೋ ಮಾತೂ ನನಗೆ ಆಗಲ್ಲ. ವಿಲಿಯಂ ಬೋವರ್ಸ್ ಅನ್ನೋರು 1960ರ ದಶಕದ ಶುರುವಲ್ಲಿ ಅಮೆರಿಕದ 99 ಕಾಲೇಜುಗಳ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನ ಕೇಳಿ ನೋಡಿದ್ರು, ಮುಕ್ಕಾಲು ಪಾಲು ಜನ ಒಂದಲ್ಲ ಒಂದು ಥರದ ಮೋಸ ಮಾಡಿದ್ದೀವಿ ಅಂತ ಒಪ್ಕೊಂಡಿದ್ರು. ಆಗ ಮೊಬೈಲೂ ಇಲ್ಲ, ಗೂಗಲ್ಲೂ ಇಲ್ಲ. ಆ ಅಧ್ಯಯನವನ್ನ ಮುಂದುವರೆಸಿದ ಡೊನಾಲ್ಡ್ ಮೆಕೇಬ್ ಹೇಳ್ತಾ ಬಂದಿದ್ದು ಏನಂದ್ರೆ, ಒಬ್ಬ ವಿದ್ಯಾರ್ಥಿ ಕಾಪಿ ಹೊಡೀತಾನಾ ಇಲ್ವಾ ಅನ್ನೋದನ್ನ ಎಲ್ಲಕ್ಕಿಂತ ಜಾಸ್ತಿ ನಿರ್ಧರಿಸೋದು ಸುತ್ತಮುತ್ತ ಇರೋರು ಹೊಡೀತಿದ್ದಾರೆ ಅಂತ ಅವನಿಗೆ ಅನ್ಸೋದು. ನಾನು ನೋಡಿದ್ದೂ ಅದನ್ನೇ. "ಎಲ್ಲರೂ ಮಾಡ್ತಾರೆ ಮೇಡಂ" ಅನ್ನೋ ಮಾತು ಕೇಳದ ವಿಚಾರಣೆಯೇ ಇಲ್ಲ. ಅವನ ಕ್ಲಾಸಲ್ಲಿ ನಿಜಕ್ಕೂ ಎಲ್ಲರೂ ಮಾಡಿರಲ್ಲ, ಆದ್ರೆ ಅವನ ಗುಂಪಲ್ಲಿ ಎಲ್ಲರೂ ಮಾಡಿರ್ತಾರೆ.

ದುಡ್ಡು ಕೊಟ್ಟು ಬರೆಸೋ ವಿಷಯ ಇದೆಯಲ್ಲ, ಅದು ಬೇರೆಯದೇ ಲೋಕ. ವೆಬ್‌ಸೈಟ್ ಇರುತ್ತೆ, ಸಂಪೂರ್ಣ ಒರಿಜಿನಲ್ ಅಂತ ಜಾಹೀರಾತು ಇರುತ್ತೆ, ಸಾಫ್ಟ್‌ವೇರಲ್ಲಿ ಸಿಕ್ಕಿಬೀಳಲ್ಲ ಅಂತ ಗ್ಯಾರಂಟಿ ಬೇರೆ. ಇಂಗ್ಲೆಂಡಿನ ಕ್ಲಾರ್ಕ್ ಮತ್ತು ಲಂಕಾಸ್ಟರ್ ಅನ್ನೋ ಇಬ್ಬರು 2006ರಲ್ಲಿ ಇದಕ್ಕೆ ಕಾಂಟ್ರಾಕ್ಟ್ ಚೀಟಿಂಗ್ ಅಂತ ಹೆಸರಿಟ್ರು. ಅಲ್ಲಿ ಸಾಫ್ಟ್‌ವೇರಿಗೆ ಸಿಗದೆ ಇರಬಹುದು, ಆದ್ರೆ ಬರೆದುಕೊಟ್ಟವನಿಗೆ ಸಿಕ್ಕಿಬಿದ್ದಿರ್ತೀರಿ. ನಿಮ್ಮ ಹೆಸರು, ಕಾಲೇಜು, ದುಡ್ಡು ಕಳಿಸಿದ ದಾಖಲೆ, ಚಾಟ್ ಎಲ್ಲ ಅವನ ಹತ್ರ ಇರುತ್ತೆ. ಇನ್ನಷ್ಟು ಕೊಡು ಇಲ್ಲಾಂದ್ರೆ ನಿಮ್ಮ ಡೀನ್‌ಗೆ ಮೇಲ್ ಮಾಡ್ತೀನಿ ಅಂದ್ರೆ ಯಾರ ಹತ್ರ ದೂರು ಕೊಡ್ತೀರಾ? ಇದು ಕಟ್ಟುಕತೆ ಅಲ್ಲ, ಆಸ್ಟ್ರೇಲಿಯಾದ ಉನ್ನತ ಶಿಕ್ಷಣ ನಿಯಂತ್ರಣ ಸಂಸ್ಥೆ ಟೆಕ್ಸಾ ಈ ಬ್ಲ್ಯಾಕ್‌ಮೇಲ್ ಬಗ್ಗೆ ವಿದ್ಯಾರ್ಥಿಗಳಿಗೆ ನೇರವಾಗಿ ಎಚ್ಚರಿಕೆ ಕೊಟ್ಟಿದೆ. ಡಿಗ್ರಿ ಮುಗಿದು, ಕೆಲಸ ಸಿಕ್ಕಿ, ಕೈಗೆ ಸಂಬಳ ಬರೋಕೆ ಶುರುವಾದ ಮೇಲೂ ಬ್ಲ್ಯಾಕ್‌ಮೇಲ್ ಮಾಡಬಹುದು, ನೋಡೋಕೆ ಹೋದ್ರೆ ಕಿತ್ಕೊಳ್ಳೋಕೆ ಅದೇ ಒಳ್ಳೇ ಟೈಮು. ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಈ ಧಂಧೆಯನ್ನ ಕಾನೂನಿನ ಪ್ರಕಾರ ಅಪರಾಧ ಮಾಡಿದ್ವು. ಕಾನೂನು ಹಿಡಿಯೋದು ಮಾರೋನನ್ನ, ಕೊಂಡವನನ್ನ ನೋಡ್ಕೊಳ್ಳೋಕೆ ಯೂನಿವರ್ಸಿಟಿ ಇದ್ದೇ ಇದೆ.

ಇನ್ನು ಪರ್ಸೆಂಟೇಜ್ ಹುಚ್ಚು. ಭಾರತದಲ್ಲಿ ಯುಜಿಸಿ 2018ರಲ್ಲಿ ಕೃತಿಚೌರ್ಯದ ಬಗ್ಗೆ ನಿಯಮ ತಂತು. ಥೀಸಿಸ್ಸಲ್ಲಿ ಹೋಲಿಕೆ 10% ತನಕ ಇದ್ರೆ ಶಿಕ್ಷೆ ಇಲ್ಲ, 10ರಿಂದ 40% ಇದ್ರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60% ಇದ್ರೆ ಒಂದು ವರ್ಷ ತಿದ್ದಿದ ಪ್ರತಿ ಕೊಡೋಕೂ ಅವಕಾಶ ಇಲ್ಲ, ಅದಕ್ಕೂ ಮೇಲಾದ್ರೆ ರಿಜಿಸ್ಟ್ರೇಶನ್ನೇ ರದ್ದು. ಉದ್ದೇಶ ಒಳ್ಳೇದೇ. ಆದ್ರೆ ಇಂಥ ನಿಯಮ ಎಲ್ಲಿ ಬಂದ್ರೂ ಆ ನಂಬರೇ ಗುರಿ ಆಗ್ಬಿಡುತ್ತೆ, "ಮೇಡಂ ಒಂಬತ್ತು ಪರ್ಸೆಂಟ್ ಬಂದಿದೆ" ಅಂತ ರಿಪೋರ್ಟ್ ಹಿಡ್ಕೊಂಡು ಹೆಮ್ಮೆಯಿಂದ ಬರ್ತಾರೆ, ಆ ಒಂಬತ್ತರಲ್ಲಿ ಏನಿದೆ ಅಂತ ನೋಡಿರಲ್ಲ. ಸರಿಯಾಗಿ ಉಲ್ಲೇಖ ಕೊಟ್ಟ ಸಾಲುಗಳಿಂದಲೇ ಮೂವತ್ತು ಬರಬಹುದು, ಒಂದು ಇಡೀ ಐಡಿಯಾ ಕದ್ದು ಎರಡು ಬರಬಹುದು. ನಂಬರ್ ಇಳಿಸೋಕೆ ಸಾಫ್ಟ್‌ವೇರಿಗೆ ಹಾಕಿ ಪದ ಬದಲಾಯಿಸೋರೂ ಇದ್ದಾರೆ, 2021ರಲ್ಲಿ ಕೆಲವು ಸಂಶೋಧಕರು ಅಂಥ ಪೇಪರ್‌ಗಳನ್ನ ಹುಡುಕಿ ತೆಗೆದಾಗ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅನ್ನೋದು 'ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್', ಅಂದ್ರೆ ನಕಲಿ ಪ್ರಜ್ಞೆ, ಆಗಿ ಪ್ರಿಂಟ್ ಆಗಿತ್ತು. ಅದನ್ನ ಬರೆದೋರೂ ಓದಿಲ್ಲ, ಒಪ್ಪಿದೋರೂ ಓದಿಲ್ಲ.

ಎಐ ಬಂದಮೇಲೆ ಕಮಿಟಿ ಕೆಲಸ ಇನ್ನೂ ಗೋಜಲು. ಕೆಲವು ಮೇಷ್ಟ್ರುಗಳು ಡಿಟೆಕ್ಟರ್ ರಿಪೋರ್ಟ್ ತಂದು ಟೇಬಲ್ ಮೇಲೆ ಇಡ್ತಾರೆ, 84% ಮೆಷೀನ್ ಬರೆದದ್ದು ಅಂತ. ನಾನು ಬರೀ ಅದೊಂದರ ಮೇಲೆ ಯಾರಿಗೂ ಶಿಕ್ಷೆಗೆ ಸಹಿ ಹಾಕಲ್ಲ, ಹಾಕಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟು, ಸರಿಯಾಗಿ ಹಿಡೀತಿಲ್ಲ ಅಂತ ಜುಲೈನಲ್ಲಿ ವಾಪಸ್ ತಗೊಂತು. ಅದೇ ವರ್ಷ ಸ್ಟ್ಯಾನ್‌ಫರ್ಡಿನವರು ಏಳು ಡಿಟೆಕ್ಟರ್‌ಗಳಿಗೆ ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧ ಹಾಕಿ ನೋಡಿದ್ರು, ಎಲ್ಲವೂ ಮನುಷ್ಯರೇ ಬರೆದಿದ್ದು, ಇಂಗ್ಲಿಷ್ ಮನೆಮಾತಲ್ಲದವರು. ಸರಾಸರಿ 61% ಪ್ರಬಂಧಗಳನ್ನ ಮೆಷೀನ್ ಬರೆದಿದ್ದು ಅಂತ ಹೇಳಿದ್ವು. ಅಂದ್ರೆ ಸರಳವಾಗಿ, ಗೊತ್ತಿರೋ ನಾಲ್ಕು ಪದದಲ್ಲಿ, ಹೆದರ್ಕೊಂಡು ಇಂಗ್ಲಿಷ್ ಬರೆಯೋ ಹುಡುಗಿಗೇ ಅಪವಾದ. ಅಂಥ ಒಬ್ಬಳು ನಮ್ಮ ಮುಂದೆ ಬಂದಿದ್ಲು, ಡಾಕ್ಯುಮೆಂಟಿನ ವರ್ಶನ್ ಹಿಸ್ಟರಿ ತೆಗೆದು ತೋರಿಸಿದ್ಲು, ಒಂದೊಂದು ಪ್ಯಾರಾ ಹೆಂಗೆ ಬೆಳೀತು, ಎಲ್ಲಿ ಅಳಿಸಿ ಮತ್ತೆ ಬರೆದ್ಲು ಅಂತ ಎಲ್ಲ ಅದರಲ್ಲಿತ್ತು. ಹತ್ತು ನಿಮಿಷದಲ್ಲಿ ಕೇಸ್ ಮುಗೀತು. ಇದನ್ನ ಓದ್ತಿರೋ ವಿದ್ಯಾರ್ಥಿಗಳಿಗೆ ಹೇಳೋದು ಇಷ್ಟೇ, ಡ್ರಾಫ್ಟ್‌ಗಳನ್ನ ಅಳಿಸಬೇಡಿ, ರಫ್ ಹಾಳೆ ಎಸೀಬೇಡಿ, ನೋಟಿಸ್ ಬಂದ್ರೆ ಗಾಬರಿಯಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ಅಳಿಸಿದ್ದು ನಿಮ್ಮ ವಿರುದ್ಧವೇ ಮಾತಾಡುತ್ತೆ. ವಿಚಾರಣೆಗೆ ಹೋಗಿ. ಹೋಗದೆ ಇದ್ರೆ ನಿಮ್ಮ ಪರವಾಗಿ ಮಾತಾಡೋಕೆ ಅಲ್ಲಿ ಯಾರೂ ಇರಲ್ಲ.

ಎಐ ಬಳಸಿದ್ದು ನಿಜವಾಗಿ ಸಿಕ್ಕಿಬೀಳೋದು ಬೇರೆ ಕಡೆ, ರೆಫರೆನ್ಸ್ ಪಟ್ಟಿಯಲ್ಲಿ. ಲೇಖಕರ ಹೆಸರು ನಿಜ, ಜರ್ನಲ್ ನಿಜ, ಸಂಪುಟವೂ ನಿಜ, ಆ ಪುಟ ತೆಗೆದು ನೋಡಿದ್ರೆ ಅಲ್ಲಿ ಇನ್ಯಾವುದೋ ವಿಷಯದ ಮೇಲೆ ಇನ್ಯಾರೋ ಬರೆದ ಲೇಖನ ಇರುತ್ತೆ. "ಇದನ್ನ ಎಲ್ಲಿ ಓದಿದ್ದಮ್ಮ?" ಅಂದ್ರೆ ಮೌನ. ಇದಕ್ಕೆ ಡಿಟೆಕ್ಟರೂ ಬೇಡ, ಪರ್ಸೆಂಟೂ ಬೇಡ. ಈ ಅಭ್ಯಾಸ ಕೆಲಸಕ್ಕೆ ಸೇರಿದಮೇಲೂ ಇದ್ರೆ ಏನಾಗುತ್ತೆ ಅನ್ನೋಕೆ ಒಂದು ಉದಾಹರಣೆ ನೋಡಿ, 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಲಾಯರ್‌ಗಳ ಅರ್ಜಿಯಲ್ಲಿ ಚಾಟ್‌ಜಿಪಿಟಿ ಹುಟ್ಟುಹಾಕಿದ, ಎಲ್ಲೂ ಇಲ್ಲದ ಆರು ತೀರ್ಪುಗಳು ಕೋರ್ಟಿಗೆ ಹೋಗಿ, ಅವರಿಗೂ ಅವರ ಆಫೀಸಿಗೂ ಸೇರಿ 5,000 ಡಾಲರ್ ದಂಡ ಬಿತ್ತು. ದಂಡದ ದುಡ್ಡು ಏನೂ ಅಲ್ಲ ಬಿಡಿ. ಆ ಹೆಸರು ಗೂಗಲ್ ಮಾಡಿದ್ರೆ ಇವತ್ತಿಗೂ ಅದೇ ಬರುತ್ತೆ.

ಮೋಸ ಮಾಡಿದವನಿಗಷ್ಟೇ ಪೆಟ್ಟು ಬೀಳೋದಾಗಿದ್ರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ ಅನ್ಸುತ್ತೆ. ನೆದರ್‌ಲ್ಯಾಂಡ್ಸಿನ ಡಿಡೆರಿಕ್ ಸ್ಟಾಪೆಲ್, ಟಿಲ್‌ಬರ್ಗ್ ಯೂನಿವರ್ಸಿಟಿಯ ಹೆಸರಾಂತ ಸೈಕಾಲಜಿ ಪ್ರೊಫೆಸರ್, ವರ್ಷಗಟ್ಟಲೆ ಡೇಟಾವನ್ನ ಕೂತಲ್ಲೇ ಹುಟ್ಟಿಸ್ಕೊಂಡು ಬಂದಿದ್ದ. 2011ರಲ್ಲಿ ಹೊರಗೆ ಬಂತು, ಒಟ್ಟು 58 ಪೇಪರ್ ವಾಪಸ್ ತಗೋಬೇಕಾಯ್ತು. ಅವನ ಕೈಕೆಳಗೆ ಪಿಎಚ್‌ಡಿ ಮಾಡ್ತಿದ್ದವರಿಗೆ ಅವನೇ ಡೇಟಾ ತಂದು ಕೊಡ್ತಿದ್ದ, ಮೇಷ್ಟ್ರು ಎಷ್ಟು ಸಹಾಯ ಮಾಡ್ತಾರೆ ಅಂದ್ಕೊಂಡು ಅವರು ನಂಬಿ ಥೀಸಿಸ್ ಬರೆದ್ರು. ಅವರದ್ದೇನೂ ತಪ್ಪಿಲ್ಲ ಅಂತ ತನಿಖೆಯೇ ಹೇಳ್ತು. ಆದ್ರೆ ಥೀಸಿಸ್ಸಿನ ಬುಡವೇ ಸುಳ್ಳು ಅಂತ ಗೊತ್ತಾದ ಮೇಲೆ ಆ ನಾಲ್ಕೈದು ವರ್ಷಗಳನ್ನ ಯಾರು ವಾಪಸ್ ಕೊಡ್ತಾರೆ? ಇದನ್ನ ಬಯಲಿಗೆ ತಂದಿದ್ದೂ ಅವನ ವಿಭಾಗದ ಮೂವರು ಕಿರಿಯ ಸಂಶೋಧಕರೇ. ದೊಡ್ಡ ಪ್ರೊಫೆಸರ್ ಮೇಲೆ ದೂರು ಕೊಡೋಕೆ ಆ ಮೂವರಿಗೆ ಎಷ್ಟು ಗುಂಡಿಗೆ ಬೇಕಾಗಿತ್ತು ಅಂತ ಯೋಚಿಸ್ತೀನಿ. ವಿದ್ಯಾರ್ಥಿಗಳಿಗೆ ಪ್ರಾಮಾಣಿಕತೆ ಪಾಠ ಹೇಳೋ ನಾವು ಮೇಷ್ಟ್ರುಗಳು ನಮ್ಮ ಕಡೆಯ ಪಟ್ಟಿ ನೋಡ್ಕೋಬೇಕು, ಸ್ಟೂಡೆಂಟ್ ಬರೆದ ಪೇಪರಿಗೆ ಮೊದಲ ಹೆಸರು ತಮ್ಮದು ಹಾಕಿಸ್ಕೊಳ್ಳೋರು ಕಮಿಟಿಗಳಲ್ಲೂ ಕೂತಿರ್ತಾರೆ. ಅದನ್ನ ವಿದ್ಯಾರ್ಥಿಗಳು ನೋಡ್ತಿರ್ತಾರೆ, ಬಾಯಿಬಿಟ್ಟು ಹೇಳಲ್ಲ ಅಷ್ಟೆ.

ಹಾಗಾದ್ರೆ ನಾವು ಮಾಡ್ಬೇಕಾದ್ದೇನು ಅಂತ ಡಿಪಾರ್ಟ್‌ಮೆಂಟಲ್ಲಿ ಸುಮಾರು ದಿನದಿಂದ ಜಗಳ ನಡೀತಿದೆ. ಒಂದು ವಿಷಯ ನಾನು ಒಬ್ಬಳೇ ಜಾರಿಗೆ ತಂದೆ, ಲೇಟಾಗಿ ಕೊಟ್ರೆ ದಿನಕ್ಕೆ ಇಷ್ಟು ಮಾರ್ಕ್ಸ್ ಕಟ್, ಆದ್ರೆ ತಗೋತೀನಿ, ಕಾರಣ ಕೇಳಲ್ಲ. ಮೊದಲು ರಾತ್ರಿ ಹನ್ನೆರಡಕ್ಕೆ ಪೋರ್ಟಲ್ ಮುಚ್ಚೋದು, ಆಮೇಲೆ ಸೊನ್ನೆ. ಆ ಸೊನ್ನೆಗೆ ಹೆದರಿಯೇ ಆ ಹನ್ನೊಂದು ಮುಕ್ಕಾಲಿನ ಫೈಲ್ ಓಡಾಟ ನಡೀತಿತ್ತು. ಈಗ ಎರಡು ದಿನ ಲೇಟಾಗಿ, ಅರ್ಧಂಬರ್ಧ, ಆದ್ರೆ ಸ್ವಂತದ್ದು ಅಂತ ಮುಖ ನೋಡಿದ್ರೇ ಗೊತ್ತಾಗೋ ಅಸೈನ್‌ಮೆಂಟ್‌ಗಳು ಬರ್ತಿವೆ, ಓದೋಕೆ ಕಷ್ಟ, ಮಾರ್ಕ್ಸ್ ಕಮ್ಮಿ, ಆದ್ರೆ ಅಲ್ಲಿಗೆ ಮುಗೀತು ಆ ಕತೆ. ಶಿಸ್ತು ಹಾಳಾಯ್ತು ಅಂತ ಇಬ್ಬರು ಸಹೋದ್ಯೋಗಿಗಳು ಮುನಿಸ್ಕೊಂಡಿದ್ದಾರೆ, ಮುನಿಸ್ಕೊಳ್ಳಲಿ.

ಇನ್ನೊಂದು ವೈವಾ. ಬರೆದು ಕೊಟ್ಟಿದ್ದನ್ನ ಎದುರು ಕೂರಿಸಿ ಕೇಳೋದು, ಇಲ್ಲಿ ಈ ಹೆಜ್ಜೆ ಯಾಕೆ ತಗೊಂಡೆ, ಈ ಲೇಖನದಲ್ಲಿ ನಿನಗೆ ಒಪ್ಪಿಗೆ ಆಗದೆ ಇದ್ದಿದ್ದು ಏನು. ಯಾವ ಸಾಫ್ಟ್‌ವೇರೂ ಬೇಡ, ಮೂರನೇ ಪ್ರಶ್ನೆಗೆಲ್ಲ ಗೊತ್ತಾಗುತ್ತೆ. ಆದ್ರೆ ಒಬ್ಬೊಬ್ಬರಿಗೆ ಹತ್ತು ನಿಮಿಷ ಅಂದ್ರೂ ಅರವತ್ತು ಜನರ ಕ್ಲಾಸಿಗೆ ಹತ್ತು ಗಂಟೆ ಬೇಕು, ಟೈಮ್‌ಟೇಬಲಲ್ಲಿ ಆ ಹತ್ತು ಗಂಟೆ ಎಲ್ಲಿದೆ ಅಂತ ಹೆಚ್‌ಓಡಿ ಕೇಳ್ತಾರೆ, ಅವರು ಕೇಳೋದು ಸರಿಯಾಗೇ ಇದೆ. ಹಾಗಾಗಿ ಈ ಸಲ ಸಬ್‌ಮಿಟ್ ಆದ್ಮೇಲೆ ಚೀಟಿ ಎತ್ತಿ ಮೂರರಲ್ಲಿ ಒಂದು ಪಾಲು ಜನರನ್ನ ಕರೆಯೋದು, ಉಳಿದವರ ಸರದಿ ಮುಂದಿನ ಎರಡು ಅಸೈನ್‌ಮೆಂಟಿಗೆ ಅಂತ ಒಂದು ರಾಜಿಗೆ ಬಂದಿದ್ದೀವಿ. ಚೀಟೀಲಿ ಹೆಸರು ಬಂದೋರಿಗೆ ಅನ್ಯಾಯ ಅಂತ ಸ್ಟೂಡೆಂಟ್ ರೆಪ್ ಆಗಲೇ ಒಂದು ಅರ್ಜಿ ಕೊಟ್ಟಿದ್ದಾಳೆ, ಎರಡು ಪುಟ, ಪಾಯಿಂಟ್ ಹಾಕಿ ಬರ್ದಿದ್ದಾಳೆ, ಅದರಲ್ಲಿ ನಾಲ್ಕನೇ ಪಾಯಿಂಟಿಗೆ ನನ್ನ ಹತ್ರ ಇನ್ನೂ ಉತ್ತರ ಇಲ್ಲ. ಸೋಮವಾರ ಮೀಟಿಂಗ್ ಇದೆ.